ತಪ್ಪೊಪ್ಪಿಗೆಯ ಚೌಕಾಸಿ

ಸಂತೆಯಲ್ಲಿ ಚೌಕಾಸಿ ಮಾಡದವರು ನಮ್ಮಲ್ಲಿ ಅಪರೂಪ. ಬದನೆಕಾಯಿ ಮಾರುವಾಕೆ ಒಂದು ಬೆಲೆ ಹೇಳುತ್ತಾಳೆ. ನಾವು ಅದಕ್ಕಿಂತ ಕಡಿಮೆಗೆ ಕೇಳುತ್ತೇವೆ. ನಡುವೆ ಎಲ್ಲೋ ಒಂದು ಕಡೆ ಇಬ್ಬರ ಮಾತೂ ಕೂಡುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಬೆಲೆ ಸರಿಹೋಗದಿದ್ದರೆ ಮುಂದಿನ ಅಂಗಡಿಗೆ ಹೋಗಲು ನಾವು ಸ್ವತಂತ್ರರು. ಆದರೆ ಬದನೆಕಾಯಿಗೆ ನಡೆಯುವ ಈ ಚೌಕಾಸಿ ಸೆರೆಮನೆಯ ವರ್ಷಗಳಿಗೂ ನಡೆಯುತ್ತದೆಂದರೆ ನೀವು ನಂಬುವಿರಾ? ಹತ್ತು ವರ್ಷ ಎಂದು ಒಬ್ಬರು, ಮೂರು ವರ್ಷ ಎಂದು ಮತ್ತೊಬ್ಬರು, ಕಡೆಗೆ ಐದಕ್ಕೆ ಇತ್ಯರ್ಥ! ಇದು ಹಾಸ್ಯಕ್ಕೆ ಹೇಳಿದ ಮಾತಲ್ಲ. ಅಮೆರಿಕ ದೇಶದ ನ್ಯಾಯಾಲಯಗಳಲ್ಲಿ ನಿತ್ಯವೂ ನಡೆಯುವ ವ್ಯವಹಾರ. ಅಲ್ಲಿ ಇದಕ್ಕೆ ಪ್ಲೀ ಬಾರ್ಗೇನಿಂಗ್ ಎಂದು ಹೆಸರು. ಕನ್ನಡದಲ್ಲಿ ತಪ್ಪೊಪ್ಪಿಗೆಯ ಚೌಕಾಸಿ ಎಂದು ಕರೆಯಬಹುದು. ಭಾರತದ ಕಾನೂನಿನಲ್ಲಿಯೂ 2006ರಿಂದ ಇದಕ್ಕೆ ಒಂದು ಸ್ಥಾನ ದೊರೆತಿದೆ. ಆದ್ದರಿಂದ ಇದರ ಸ್ವರೂಪವನ್ನು ತಿಳಿದುಕೊಳ್ಳುವುದು ನಮಗೂ ಅಗತ್ಯ.

ಮೊದಲು ಎರಡು ಮಾತುಗಳ ಅರ್ಥವನ್ನು ಬಿಡಿಸಿಕೊಳ್ಳೋಣ. ಆಪಾದಿತ ಎಂದರೆ ತಪ್ಪು ಮಾಡಿದನೆಂದು ಯಾರೋ ಹೇಳಿದ ಮನುಷ್ಯ. ಅಪರಾಧಿ ಎಂದರೆ ತಪ್ಪು ಮಾಡಿದ್ದಾನೆಂದು ನ್ಯಾಯಾಲಯ ತೀರ್ಮಾನಿಸಿದ ಮನುಷ್ಯ. ನಮ್ಮ ದಿನಬಳಕೆಯಲ್ಲಿ ಈ ಎರಡು ಶಬ್ದಗಳನ್ನೂ ಒಂದರ ಬದಲು ಒಂದನ್ನು ಆಡುವುದುಂಟು. ಆದರೆ ಇವೆರಡರ ನಡುವೆ ಒಂದು ದೊಡ್ಡ ಹೊಳೆಯೇ ಹರಿಯುತ್ತದೆ. ಆ ಹೊಳೆಯನ್ನು ದಾಟಿಸುವ ಸೇತುವೆಯೇ ವಿಚಾರಣೆ. ಸಾಕ್ಷಿಗಳನ್ನು ಕರೆಸುವುದು, ಅವರನ್ನು ಪಾಟೀಸವಾಲಿಗೆ ಒಳಪಡಿಸುವುದು, ಕಾಗದಪತ್ರಗಳನ್ನು ಪರೀಕ್ಷಿಸುವುದು, ಸಂಶಯವಿದ್ದರೆ ಅದರ ಲಾಭವನ್ನು ಆಪಾದಿತನಿಗೆ ಕೊಡುವುದು, ಇವೆಲ್ಲ ಆ ಸೇತುವೆಯ ಕಂಬಗಳು. ತಪ್ಪೊಪ್ಪಿಗೆಯಾದರೋ ಸೇತುವೆಯಿಲ್ಲದೆಯೇ ದಾಟಿಸುವ ದೋಣಿ. ಆಪಾದಿತನು ತಾನೇ ಒಪ್ಪಿಕೊಂಡ ಮೇಲೆ ಸಾಕ್ಷಿ ಏತಕ್ಕೆ, ವಾದ ಏತಕ್ಕೆ? ದೋಣಿ ಹತ್ತಿದವನು ಕ್ಷಣದಲ್ಲಿ ಆಚೆಯ ದಡದಲ್ಲಿರುತ್ತಾನೆ. ಅವನು ಅಲ್ಲಿಗೆ ಸೇರಬೇಕಾದವನೇ ಅಲ್ಲವೇ ಎಂಬುದನ್ನು ಮಾತ್ರ ಯಾರೂ ಪೂರ್ತಿಯಾಗಿ ಪರೀಕ್ಷಿಸಿರುವುದಿಲ್ಲ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಆರನೆಯ ತಿದ್ದುಪಡಿಯು ಆಪಾದಿತನಿಗೆ ಜೂರಿಯ ಮುಂದೆ ಬಹಿರಂಗವಾಗಿ ವಿಚಾರಣೆ ಪಡೆಯುವ ಹಕ್ಕನ್ನು ಕೊಟ್ಟಿದೆ. ಜೂರಿ ಎಂದರೆ ಊರಿನ ಸಾಮಾನ್ಯ ಜನರಿಂದ ಆರಿಸಿದ ಪಂಚರು. ಘೋರ ಅಪರಾಧಗಳಲ್ಲಿ ಸಾಮಾನ್ಯವಾಗಿ ಹನ್ನೆರಡು ಜನ. ಅವರೆಲ್ಲರೂ ಒಮ್ಮತದಿಂದ ಹೇಳಿದ ಹೊರತು ಮನುಷ್ಯನು ಅಪರಾಧಿಯಾಗನು. ಚಲನಚಿತ್ರಗಳಲ್ಲಿ ನಾವು ನೋಡುವುದು ಇದನ್ನೇ: ವಕೀಲರ ವಾಗ್ಝರಿ, ಸಾಕ್ಷಿಯ ತಡವರಿಕೆ, ಪಂಚರ ಗಂಭೀರ ಮುಖ. ವಾಸ್ತವವು ಹಾಗಿಲ್ಲ. 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತನ್ನ ತೀರ್ಪಿನಲ್ಲಿಯೇ ಎತ್ತಿ ಹೇಳಿದ ಲೆಕ್ಕವನ್ನು ನೋಡಿ. ಕೇಂದ್ರ ನ್ಯಾಯಾಲಯಗಳಲ್ಲಿ ಅಪರಾಧಿಗಳೆಂದು ತೀರ್ಮಾನವಾದ ನೂರರಲ್ಲಿ ಸುಮಾರು 97 ಪ್ರಕರಣಗಳು, ರಾಜ್ಯಗಳ ನ್ಯಾಯಾಲಯಗಳಲ್ಲಿ ಸುಮಾರು 94 ಪ್ರಕರಣಗಳು ತಪ್ಪೊಪ್ಪಿಗೆಯಿಂದಲೇ ಮುಗಿದಂಥವು. ಜೂರಿಯ ಮುಂದೆ ಹೋಗುವುದು ಹಬ್ಬದಂತೆ ವರ್ಷಕ್ಕೊಮ್ಮೆ. ಚೌಕಾಸಿಯು ದಿನನಿತ್ಯದ ಅಡುಗೆ.

ಈ ಅಡುಗೆ ನಡೆಯುವ ಬಗೆ ಹೀಗೆ. ಸರ್ಕಾರದ ಪರವಾಗಿ ಆಪಾದನೆ ಹೊರಿಸುವವನು ಪ್ರಾಸಿಕ್ಯೂಟರ್. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಜಿಲ್ಲೆಯ ಮುಖ್ಯ ಪ್ರಾಸಿಕ್ಯೂಟರನನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಯಾವ ಆಪಾದನೆಯನ್ನು ಹೊರಿಸಬೇಕು, ಎಷ್ಟನ್ನು ಹೊರಿಸಬೇಕು, ಯಾವುದನ್ನು ಕೈಬಿಡಬೇಕು ಎಂಬುದೆಲ್ಲ ಅವನ ವಿವೇಚನೆಗೆ ಸೇರಿದ್ದು. ಇನ್ನೊಂದು ಕಡೆ ಆಪಾದಿತನ ವಕೀಲ. ಬಡವನಿಗೂ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಒದಗಿಸಲೇಬೇಕೆಂದು 1963ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಈ ಇಬ್ಬರು ವಕೀಲರೂ ಭೇಟಿಯಾಗುವುದು ಹೆಚ್ಚಾಗಿ ನ್ಯಾಯಪೀಠದ ಎದುರಿನಲ್ಲಿ ಅಲ್ಲ. ಕಚೇರಿಯಲ್ಲಿ, ನ್ಯಾಯಾಲಯದ ಮೊಗಸಾಲೆಯಲ್ಲಿ, ಈಚೆಗೆ ದೂರವಾಣಿಯಲ್ಲಿ.

ಅವರ ಮಾತು ಮೂರು ಬಗೆಯದಾಗಿರಬಹುದು. ಮೊದಲನೆಯದು ಆಪಾದನೆಯ ಚೌಕಾಸಿ: ದೊಡ್ಡ ಆಪಾದನೆಯನ್ನು ಕೈಬಿಟ್ಟು ಚಿಕ್ಕದನ್ನು ಒಪ್ಪಿಕೊಳ್ಳುವುದು, ಅಥವಾ ಐದು ಆಪಾದನೆಗಳಲ್ಲಿ ಒಂದನ್ನು ಒಪ್ಪಿ ನಾಲ್ಕನ್ನು ತೆಗೆಸಿಕೊಳ್ಳುವುದು. ಎರಡನೆಯದು ಶಿಕ್ಷೆಯ ಚೌಕಾಸಿ: ಇಷ್ಟು ವರ್ಷಕ್ಕಿಂತ ಹೆಚ್ಚು ಕೇಳುವುದಿಲ್ಲವೆಂದು ಪ್ರಾಸಿಕ್ಯೂಟರನು ಮಾತು ಕೊಡುವುದು. ಮೂರನೆಯದು ಸಂಗತಿಗಳ ಚೌಕಾಸಿ: ಶಿಕ್ಷೆಯನ್ನು ಹೆಚ್ಚಿಸುವಂಥ ಯಾವುದಾದರೂ ಸಂಗತಿಯನ್ನು, ಉದಾಹರಣೆಗೆ ಕೈಯಲ್ಲಿ ಆಯುಧವಿತ್ತೆಂಬುದನ್ನು, ಪ್ರಸ್ತಾಪಿಸದಿರಲು ಒಪ್ಪುವುದು. ಒಪ್ಪಂದ ಕುದುರಿದ ಮೇಲೆ ಆಪಾದಿತನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ನಿನಗೆ ವಿಚಾರಣೆಯ ಹಕ್ಕು ಇದೆಯೆಂಬುದು ಗೊತ್ತೇ? ಅದನ್ನು ಬಿಟ್ಟುಕೊಡುತ್ತೀಯಾ? ಯಾರಾದರೂ ಹೆದರಿಸಿದರೇ? ಸ್ವಂತ ಇಚ್ಛೆಯಿಂದ ಒಪ್ಪುತ್ತೀಯಾ? ಎಂದು ನ್ಯಾಯಾಧೀಶರು ಒಂದೊಂದಾಗಿ ಕೇಳುತ್ತಾರೆ. ಅವನು ಒಂದೊಂದಕ್ಕೂ ತಕ್ಕ ಉತ್ತರ ಹೇಳುತ್ತಾನೆ. ಹಲವು ತಿಂಗಳು ನಡೆಯಬಹುದಾಗಿದ್ದ ವಿಚಾರಣೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಇಷ್ಟೊಂದು ಅವಸರ ಏಕೆ ಎಂದು ನೀವು ಕೇಳಬಹುದು. ಅಮೆರಿಕದ ಮುಖ್ಯ ನ್ಯಾಯಾಧೀಶರಾಗಿದ್ದ ವಾರನ್ ಬರ್ಗರ್ ಅವರು 1970ರಲ್ಲಿ ವಕೀಲರ ಸಭೆಯಲ್ಲಿ ಒಂದು ಸರಳ ಗಣಿತವನ್ನು ಮುಂದಿಟ್ಟರು. ನೂರರಲ್ಲಿ 90 ಜನ ತಪ್ಪೊಪ್ಪಿಕೊಳ್ಳುತ್ತಿದ್ದರೆ ವಿಚಾರಣೆಗೆ ಉಳಿಯುವವರು ಹತ್ತು ಜನ. ಒಪ್ಪುವವರು 80ಕ್ಕೆ ಇಳಿದರೆ ಉಳಿಯುವವರು ಇಪ್ಪತ್ತು. ಎಂದರೆ ನ್ಯಾಯಾಧೀಶರು, ಗುಮಾಸ್ತರು, ಕೊಠಡಿಗಳು ಎಲ್ಲವೂ ಎರಡರಷ್ಟು ಬೇಕು. 70ಕ್ಕೆ ಇಳಿದರೆ ಮೂರರಷ್ಟು ಬೇಕು. ನ್ಯಾಯದ ಈ ಯಂತ್ರವು ಬಹುಪಾಲು ಜನರು ತಮ್ಮ ಹಕ್ಕನ್ನು ಕೇಳುವುದಿಲ್ಲವೆಂಬ ನಂಬಿಕೆಯ ಮೇಲೆಯೇ ನಿಂತಿದೆ ಎಂಬುದು ಈ ಗಣಿತದಿಂದ ಹೊರಡುವ ತಾತ್ಪರ್ಯ.

ಚೌಕಾಸಿಯು ಅಮೆರಿಕದಲ್ಲಿ 19ನೆಯ ಶತಮಾನದಿಂದ ಬೆಳೆದುಬಂದಿದ್ದರೂ ಬಹುಕಾಲ ಅದು ತೆರೆಯ ಮರೆಯಲ್ಲಿಯೇ ಇತ್ತು. ನ್ಯಾಯಾಧೀಶರು ಕೇಳಿದಾಗ ಯಾರೂ ಯಾವ ಆಶೆಯನ್ನೂ ತೋರಿಸಿಲ್ಲವೆಂದು ಹೇಳುವುದು ವಾಡಿಕೆಯಾಗಿತ್ತು. 1970ರಲ್ಲಿ ಬ್ರೇಡಿ ಎಂಬುವನ ಪ್ರಕರಣದಲ್ಲಿ, ಹೆಚ್ಚಿನ ಶಿಕ್ಷೆಯ ಭಯದಿಂದ ಒಪ್ಪಿಕೊಂಡ ಮಾತ್ರಕ್ಕೆ ತಪ್ಪೊಪ್ಪಿಗೆ ಅಸಿಂಧುವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮರುವರ್ಷ ಸ್ಯಾಂಟೊಬೆಲ್ಲೊ ಎಂಬುವನ ಪ್ರಕರಣ ಬಂದಿತು. ಶಿಕ್ಷೆಯ ವಿಷಯದಲ್ಲಿ ತಾನೇನೂ ಶಿಫಾರಸು ಮಾಡುವುದಿಲ್ಲವೆಂದು ಒಬ್ಬ ಪ್ರಾಸಿಕ್ಯೂಟರನು ಮಾತು ಕೊಟ್ಟಿದ್ದ. ಅವನ ಜಾಗಕ್ಕೆ ಬಂದ ಮತ್ತೊಬ್ಬನು ಅತ್ಯಧಿಕ ಶಿಕ್ಷೆಯನ್ನೇ ಕೇಳಿದ. ಕೊಟ್ಟ ಮಾತನ್ನು ಸರ್ಕಾರ ನಡೆಸಿಕೊಡಲೇಬೇಕೆಂದು ಸುಪ್ರೀಂ ಕೋರ್ಟು ವಿಧಿಸಿತು. ಹೀಗೆ ಮೊಗಸಾಲೆಯ ಪಿಸುಮಾತು ಕಾನೂನಿನ ಮಾನ್ಯತೆ ಪಡೆಯಿತು.

ಇಲ್ಲಿಯವರೆಗೆ ಕೇಳಿದರೆ ಇದೊಂದು ಅನುಕೂಲದ ಏರ್ಪಾಡೆಂದೇ ತೋರುತ್ತದೆ. ಇದರ ಇನ್ನೊಂದು ಮುಖವನ್ನು ತೋರಿಸುವ ಮೂರು ಪ್ರಕರಣಗಳನ್ನು ಹೇಳುತ್ತೇನೆ.

ಮೊದಲನೆಯದು ಕೆಂಟಕಿ ರಾಜ್ಯದ ಹೇಯ್ಸ್ ಎಂಬುವನದು. 88 ಡಾಲರು 30 ಸೆಂಟುಗಳ ಒಂದು ಖೋಟಾ ಚೆಕ್ಕನ್ನು ಚಲಾವಣೆ ಮಾಡಿದನೆಂಬುದು ಅವನ ಮೇಲಿನ ಆಪಾದನೆ. ಅದಕ್ಕೆ ಶಿಕ್ಷೆ ಎರಡರಿಂದ ಹತ್ತು ವರ್ಷ. ತಪ್ಪೊಪ್ಪಿಕೊಂಡರೆ ಐದು ವರ್ಷಕ್ಕೆ ಶಿಫಾರಸು ಮಾಡುವೆನೆಂದು ಪ್ರಾಸಿಕ್ಯೂಟರನು ಹೇಳಿದ. ಒಪ್ಪದಿದ್ದರೆ, ಹಿಂದೆ ಎರಡು ಬಾರಿ ಶಿಕ್ಷೆಯಾಗಿರುವುದರಿಂದ ರೂಢಿಗತ ಅಪರಾಧಿಯೆಂಬ ಹೊಸ ಆಪಾದನೆಯನ್ನು ಹೊರಿಸುವೆನೆಂದೂ ಹೇಳಿದ. ಆ ಆಪಾದನೆ ರುಜುವಾತಾದರೆ ಜೀವಾವಧಿ ಶಿಕ್ಷೆ. ಹೇಯ್ಸ್ ಒಪ್ಪಲಿಲ್ಲ, ವಿಚಾರಣೆ ಬೇಕೆಂದ. ಪ್ರಾಸಿಕ್ಯೂಟರನು ಹೇಳಿದಂತೆಯೇ ಮಾಡಿದ. ಹೇಯ್ಸ್‌ಗೆ ಜೀವಾವಧಿ ಶಿಕ್ಷೆಯಾಯಿತು. 1978ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಇದು ಸರಿಯೆಂದರು, ನಾಲ್ವರು ಸರಿಯಲ್ಲವೆಂದರು. ಒಪ್ಪುವುದಕ್ಕೂ ಬಿಡುವುದಕ್ಕೂ ಆಪಾದಿತನು ಸ್ವತಂತ್ರನಾಗಿರುವಾಗ ಕೊಡುಕೊಳ್ಳುವ ಈ ಮಾತುಕತೆಯಲ್ಲಿ ಪ್ರತೀಕಾರವೆಂಬುದಿಲ್ಲ ಎಂಬುದು ಬಹುಮತದ ವಾದ. ಆದರೆ ನೀವೇ ಯೋಚಿಸಿ. ಖೋಟಾ ಚೆಕ್ಕು ಅದೇ, ಮನುಷ್ಯ ಅವನೇ, ಹಿಂದಿನ ಅಪರಾಧಗಳೂ ಅವೇ. ಐದು ವರ್ಷಕ್ಕೂ ಆಯುಷ್ಯಪರ್ಯಂತಕ್ಕೂ ನಡುವೆ ಇದ್ದ ವ್ಯತ್ಯಾಸ ಒಂದೇ: ಅವನು ವಿಚಾರಣೆಯನ್ನು ಕೇಳಿದ. ನಮ್ಮ ಹಿಂದಿನವರು ರಾಜನೀತಿಗೆ ಸಾಮ, ದಾನ, ಭೇದ, ದಂಡವೆಂದು ನಾಲ್ಕು ಉಪಾಯಗಳನ್ನು ಹೇಳಿದ್ದಾರೆ. ನಯವಾದ ಮಾತು, ಶಿಕ್ಷೆಯ ಇಳಿತ, ಜೊತೆಯವನ ಮೇಲೆ ಸಾಕ್ಷಿ ಹೇಳಿದರೆ ಬಿಡುವೆನೆಂಬ ಆಸೆ, ಒಪ್ಪದಿದ್ದರೆ ಜೀವಾವಧಿ ಎಂಬ ಬೆದರಿಕೆ, ಈ ನಾಲ್ಕೂ ಇಲ್ಲಿ ಒಬ್ಬನ ಕೈಯಲ್ಲಿವೆ.

ಎರಡನೆಯದು ಉತ್ತರ ಕೆರೊಲಿನ ರಾಜ್ಯದ ಆಲ್ಫರ್ಡ್ ಎಂಬುವನ ಪ್ರಕರಣ. ಅವನ ಮೇಲೆ ಮರಣದಂಡನೆ ವಿಧಿಸಬಹುದಾದ ಕೊಲೆಯ ಆಪಾದನೆ ಇತ್ತು, ಸಾಕ್ಷ್ಯವೂ ಬಲವಾಗಿತ್ತು. ತಾನು ಕೊಲೆ ಮಾಡಿಲ್ಲ, ಆದರೆ ಮರಣದಂಡನೆಯಿಂದ ತಪ್ಪಿಸಿಕೊಳ್ಳಲು ಎರಡನೆಯ ದರ್ಜೆಯ ಕೊಲೆಯನ್ನು ಒಪ್ಪಿಕೊಳ್ಳುತ್ತೇನೆ ಎಂದು ಅವನು ನ್ಯಾಯಾಲಯದಲ್ಲಿಯೇ ಹೇಳಿದ. 30 ವರ್ಷ ಶಿಕ್ಷೆಯಾಯಿತು. 1970ರಲ್ಲಿ ಸುಪ್ರೀಂ ಕೋರ್ಟು ಇಂಥ ಒಪ್ಪಿಗೆಯೂ ಸಿಂಧುವೆಂದಿತು. ಕನ್ನಡದ ಕಿವಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ದೇವರಿಗೆ ತಪ್ಪುಕಾಣಿಕೆ ಒಪ್ಪಿಸುವ ನಮ್ಮ ಜನ ಮೊದಲು ತಪ್ಪಾಯಿತೆಂದು ಮನಸ್ಸಿನಲ್ಲಿ ಅಂದುಕೊಂಡು, ಆಮೇಲೆ ಕಾಣಿಕೆಯನ್ನು ಹಾಕುತ್ತಾರೆ. ಇಲ್ಲಾದರೋ ತಪ್ಪಿಲ್ಲವೆನ್ನುವವನಿಂದಲೇ ಕಾಣಿಕೆಯನ್ನು ಸ್ವೀಕರಿಸಿದಂತಾಯಿತು.

ಮೂರನೆಯದು ಮಿಸ್ಸೌರಿ ರಾಜ್ಯದ ಫ್ರೈ ಎಂಬುವನದು. ಪರವಾನಗಿ ರದ್ದಾಗಿದ್ದರೂ ವಾಹನ ನಡೆಸಿದ್ದಕ್ಕಾಗಿ 2007ರಲ್ಲಿ ಅವನ ಮೇಲೆ ಮೊಕದ್ದಮೆಯಾಯಿತು. ಪ್ರಾಸಿಕ್ಯೂಟರನು ಅವನ ವಕೀಲನಿಗೆ ಒಂದು ಕಾಗದ ಬರೆದು, ಗೊತ್ತಾದ ದಿನದೊಳಗೆ ಒಪ್ಪಿಕೊಂಡರೆ ಆಪಾದನೆಯನ್ನು ಇಳಿಸಿ 90 ದಿನಗಳ ಶಿಕ್ಷೆಗೆ ಶಿಫಾರಸು ಮಾಡುವ ಸೌಲಭ್ಯವನ್ನು ತಿಳಿಸಿದ್ದ. ವಕೀಲನು ಆ ಕಾಗದದ ಸಂಗತಿಯನ್ನು ತನ್ನ ಕಕ್ಷಿದಾರನಿಗೆ ಹೇಳಲೇ ಇಲ್ಲ. ದಿನ ಕಳೆಯಿತು. ಏನೂ ತಿಳಿಯದ ಫ್ರೈ ಆಮೇಲೆ ಯಾವ ಒಪ್ಪಂದವೂ ಇಲ್ಲದೆ ತಪ್ಪೊಪ್ಪಿಕೊಂಡ. ಮೂರು ವರ್ಷ ಶಿಕ್ಷೆಯಾಯಿತು. ನಾನು ಆಗಲೇ ಹೇಳಿದ ಲೆಕ್ಕ ಬಂದಿರುವುದು 2012ರ ಈ ಪ್ರಕರಣದ ತೀರ್ಪಿನಲ್ಲಿಯೇ. ಬಹುಪಾಲು ಮೊಕದ್ದಮೆಗಳು ಚೌಕಾಸಿಯಲ್ಲಿಯೇ ಮುಗಿಯುವಾಗ ವಕೀಲನ ನೆರವು ವಿಚಾರಣೆಯ ದಿನಕ್ಕೆ ಮಾತ್ರ ಸೀಮಿತವಾಗಲಾರದು. ಎದುರು ಪಕ್ಷದಿಂದ ಬಂದ ಪ್ರಸ್ತಾಪವನ್ನು ಕಕ್ಷಿದಾರನಿಗೆ ಮುಟ್ಟಿಸುವುದು ಅವನ ಕರ್ತವ್ಯವೆಂದು ನ್ಯಾಯಾಲಯ ತೀರ್ಮಾನಿಸಿತು.

ಈ ಮೂರರಲ್ಲಿಯೂ ಒಂದು ಸಾಮಾನ್ಯ ಅಂಶವಿದೆ. ಚೌಕಾಸಿಯಲ್ಲಿ ಆಪಾದಿತನು ಮಾರುವ ಸರಕು ತಪ್ಪೊಪ್ಪಿಗೆಯೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅವನು ಮಾರುವುದು ತನ್ನ ವಿಚಾರಣೆಯ ಹಕ್ಕನ್ನು. ಆ ಹಕ್ಕಿನ ಬೆಲೆಯನ್ನು ಗೊತ್ತುಮಾಡುವವನಾದರೋ ಎದುರಿಗೆ ಕುಳಿತ ಪ್ರಾಸಿಕ್ಯೂಟರನು. ಇಷ್ಟು ವರ್ಷಕ್ಕೆ ಕಡಿಮೆ ಇಲ್ಲದಂತೆ ಶಿಕ್ಷೆ ಕೊಡಲೇಬೇಕೆಂಬ ಕಾಯಿದೆಗಳು ಅಮೆರಿಕದಲ್ಲಿ ಹೆಚ್ಚಿದಂತೆಲ್ಲ ಅವನ ಕೈ ಬಲವಾಯಿತು. ಸಂತೆಯಲ್ಲಾದರೆ ಮುಂದಿನ ಅಂಗಡಿಗೆ ಹೋಗಬಹುದು. ಇಲ್ಲಿ ಇರುವುದು ಒಂದೇ ಅಂಗಡಿ.

ತಪ್ಪು ಮಾಡದವನು ಏಕೆ ಒಪ್ಪಿಕೊಳ್ಳುತ್ತಾನೆ ಎಂದು ಕೇಳುವವರಿದ್ದಾರೆ. ತರಗತಿಯಲ್ಲಿ ಪಾಠ ಹೇಳಿದ ಯಾವ ಉಪಾಧ್ಯಾಯನಿಗೂ ಇದರ ಉತ್ತರ ಗೊತ್ತು. ಕಿಟಕಿಯ ಗಾಜು ಒಡೆದಿದೆ. ಈಗಲೇ ಒಪ್ಪಿಕೊಂಡರೆ ಎರಡು ಏಟು, ಆಮೇಲೆ ಗೊತ್ತಾದರೆ ಇಪ್ಪತ್ತು ಎಂದು ಸಾರಿದರೆ ಎದ್ದು ನಿಲ್ಲುವವನು ಗಾಜು ಒಡೆದ ಹುಡುಗನೇ ಎಂದು ಹೇಳುವಂತಿಲ್ಲ. ಎಲ್ಲರಿಗಿಂತ ಹೆಚ್ಚು ಅಂಜುವ ಹುಡುಗ, ತನ್ನ ಮಾತನ್ನು ಯಾರೂ ನಂಬುವುದಿಲ್ಲವೆಂದು ಆಗಲೇ ಅನುಭವದಿಂದ ಕಲಿತ ಹುಡುಗ ಎದ್ದು ನಿಲ್ಲುವುದುಂಟು. ಗಟ್ಟಿಗನು ಸುಮ್ಮನೆ ಕುಳಿತಿರುತ್ತಾನೆ. ಇದು ಊಹೆಯ ಮಾತಲ್ಲ. ಶಿಕ್ಷೆ ಅನುಭವಿಸಿದ ಬಳಿಕ ಡಿ. ಎನ್. ಎ. ಪರೀಕ್ಷೆಯಿಂದ ನಿರಪರಾಧಿಗಳೆಂದು ಅಮೆರಿಕದಲ್ಲಿ ಸಿದ್ಧವಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ತಪ್ಪೊಪ್ಪಿಕೊಂಡಿದ್ದವರೇ. ಅವು ಕೊಲೆ, ಅತ್ಯಾಚಾರಗಳಂಥ ಘೋರ ಆಪಾದನೆಗಳು. ಇನ್ನು ಚಿಕ್ಕ ಆಪಾದನೆಗಳಲ್ಲಿ ಜಾಮೀನಿಗೆ ಹಣವಿಲ್ಲದೆ ಸೆರೆಯಲ್ಲಿ ಕುಳಿತಿರುವವನ ಪಾಡನ್ನು ನೆನೆಯಿರಿ. ವಿಚಾರಣೆ ಬೇಕೆಂದರೆ ಇನ್ನೂ ಕೆಲವು ತಿಂಗಳು ಸೆರೆ. ಒಪ್ಪಿಕೊಂಡರೆ ಈಗಾಗಲೇ ಕಳೆದ ದಿನಗಳೇ ಶಿಕ್ಷೆಯೆಂದು ಲೆಕ್ಕವಾಗಿ ಇಂದೇ ಮನೆಗೆ. ಸತ್ಯವಂತನಿಗೆ ಸೆರೆ, ಸುಳ್ಳು ಒಪ್ಪಿಗೆಗೆ ಬಿಡುಗಡೆ!

ಹಾಗಾದರೆ ಚೌಕಾಸಿಯೆಂಬುದು ಕೇವಲ ಅನ್ಯಾಯವೇ? ಹಾಗೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದೂ ಸರಿಯಲ್ಲ. ಆಪಾದಿತರಲ್ಲಿ ನಿಜವಾಗಿ ತಪ್ಪು ಮಾಡಿದವರು ಎಷ್ಟೋ ಜನ ಇರುತ್ತಾರೆ. ಅಂಥವನು ಬೇಗನೆ ಒಪ್ಪಿಕೊಂಡು, ತಕ್ಕಷ್ಟು ಶಿಕ್ಷೆ ಅನುಭವಿಸಿ, ಮತ್ತೆ ಬಾಳಿಗೆ ಮರಳಿದರೆ ಅದರಿಂದ ಅವನಿಗೂ ಸಮಾಜಕ್ಕೂ ಒಳಿತು. ನೊಂದವರು ನ್ಯಾಯಾಲಯದ ಕಟ್ಟೆ ಏರಿ, ತಮ್ಮ ಮೇಲಾದ ಅನ್ಯಾಯವನ್ನು ಎಲ್ಲರೆದುರು ಮತ್ತೆ ಹೇಳಿ, ಪಾಟೀಸವಾಲಿನಲ್ಲಿ ಇನ್ನೊಮ್ಮೆ ನೋಯುವುದು ತಪ್ಪುತ್ತದೆ. ಸಂದೇಹದ ಪ್ರಕರಣಗಳಿಗೆ ಉಳಿದ ಕಾಲವನ್ನು ಕೊಡಲು ನ್ಯಾಯಾಧೀಶರಿಗೆ ಅವಕಾಶವಾಗುತ್ತದೆ. ಆದರೆ ಚೌಕಾಸಿಯಿಲ್ಲದೆ ನ್ಯಾಯಾಲಯಗಳು ಉಸಿರಾಡಲಾರವು ಎಂಬ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. 1975ರಲ್ಲಿ ಅಲಾಸ್ಕ ರಾಜ್ಯದ ಅಟಾರ್ನಿ ಜನರಲರು ತಮ್ಮ ಕೈಕೆಳಗಿನ ಪ್ರಾಸಿಕ್ಯೂಟರುಗಳಿಗೆ ಚೌಕಾಸಿಯನ್ನು ನಿಷೇಧಿಸಿದರು. ನ್ಯಾಯಾಲಯಗಳು ಕುಸಿದುಬೀಳಲಿಲ್ಲ. ನಿಜವಾಗಿ ತಪ್ಪು ಮಾಡಿದ ಅನೇಕರು ಯಾವ ಆಮಿಷವೂ ಇಲ್ಲದೆಯೇ ಒಪ್ಪಿಕೊಂಡರು. ಕಾಲಕ್ರಮದಲ್ಲಿ ಆ ನಿಷೇಧವು ಸಡಿಲವಾಯಿತಾದರೂ ಅದು ಕಲಿಸಿದ ಪಾಠ ಉಳಿದಿದೆ.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಭಾರತದ ಸುಪ್ರೀಂ ಕೋರ್ಟು ಬಹುಕಾಲ ಇಂಥ ಚೌಕಾಸಿಯನ್ನು ಹತ್ತಿರ ಸೇರಿಸಲಿಲ್ಲ. 1976ರಲ್ಲಿ ಆಹಾರದ ಕಲಬೆರಕೆಯ ಒಂದು ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದನ್ನು ಕಟುವಾಗಿ ಟೀಕಿಸಿದರು. ವ್ಯಾಪಾರಿಗೆ ಶಿಕ್ಷೆ ಕಡಿಮೆಯಾಗುತ್ತದೆ, ಇಲಾಖೆಗೆ ಕೆಲಸ ಹಗುರಾಗುತ್ತದೆ, ಆದರೆ ಕಲಬೆರಕೆಯನ್ನು ತಿಂದ ಸಮಾಜವನ್ನು ಯಾರೂ ಕೇಳುವುದಿಲ್ಲ ಎಂಬುದು ಅವರ ಆಕ್ಷೇಪದ ಸಾರ. 1980ರಲ್ಲಿ, ಅದೂ ಕಲಬೆರಕೆಯದೇ ಇನ್ನೊಂದು ಪ್ರಕರಣದಲ್ಲಿ, ನಿರಪರಾಧಿಯೂ ದೀರ್ಘ ವಿಚಾರಣೆಯ ಸಂಕಟಕ್ಕೆ ಅಂಜಿ ಒಪ್ಪಿಕೊಳ್ಳುವ ಅಪಾಯವಿದೆಯೆಂದು ನ್ಯಾಯಮೂರ್ತಿ ಭಗವತಿ ಅವರು ಎಚ್ಚರಿಸಿದರು. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟು ಇದೇ ದಾರಿಯಲ್ಲಿ ನಡೆಯಿತು. ಹಗುರವಾದ ಶಿಕ್ಷೆಯ ಭರವಸೆಯಿಂದ ಒಬ್ಬನನ್ನು ಒಪ್ಪಿಸಿ, ಆಮೇಲೆ ಮೇಲಿನ ನ್ಯಾಯಾಲಯದಲ್ಲಿ ಶಿಕ್ಷೆಯನ್ನು ಹೆಚ್ಚಿಸುವುದು ಸಂವಿಧಾನದ 21ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ಸಾರಿತು.

ಆದರೆ ಬಾಕಿ ಮೊಕದ್ದಮೆಗಳು ಬೆಟ್ಟದಂತೆ ಬೆಳೆದವು. 1991ರಲ್ಲಿ ಕಾನೂನು ಆಯೋಗವು ತನ್ನ 142ನೆಯ ವರದಿಯಲ್ಲಿ ಈ ಪದ್ಧತಿಯನ್ನು ಕಟ್ಟುಪಾಡುಗಳೊಡನೆ ತರಬಹುದೆಂದಿತು. ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಕನ್ನಡಿಗ ವಿ. ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿಯೂ 2003ರ ವರದಿಯಲ್ಲಿ ಇದನ್ನು ಬೆಂಬಲಿಸಿತು. 2005ರ ತಿದ್ದುಪಡಿಯಿಂದ ದಂಡ ಪ್ರಕ್ರಿಯಾ ಸಂಹಿತೆಗೆ ಹೊಸ ಅಧ್ಯಾಯವೊಂದು ಸೇರಿ, 2006ರ ಜುಲೈ 5ರಿಂದ ಜಾರಿಗೆ ಬಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 289ರಿಂದ 300ರವರೆಗಿನ ಕಲಮುಗಳಾಗಿ ಉಳಿದುಬಂದಿದೆ.

ನಮ್ಮ ಕಾಯಿದೆಯು ಅಮೆರಿಕದ ಪಡಿಯಚ್ಚಲ್ಲ. ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಮಹಿಳೆಯರ ಅಥವಾ ಮಕ್ಕಳ ಮೇಲೆ ನಡೆದ ಅಪರಾಧಗಳಿಗೂ, ದೇಶದ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗೆ ಧಕ್ಕೆ ತರುವ ಅಪರಾಧಗಳಿಗೂ ಇದು ಸಲ್ಲದು. ಅದೇ ಅಪರಾಧಕ್ಕೆ ಹಿಂದೆ ಶಿಕ್ಷೆಯಾದವನಿಗೂ ಇದು ಇಲ್ಲ. ಅರ್ಜಿಯನ್ನು ಆಪಾದಿತನೇ ಹಾಕಬೇಕು. ಆರೋಪ ನಿಗದಿಯಾದ 30 ದಿನಗಳೊಳಗೆ, ಸ್ವಂತ ಇಚ್ಛೆಯಿಂದ ಹಾಕುತ್ತಿದ್ದೇನೆಂಬ ಪ್ರಮಾಣಪತ್ರದೊಡನೆ ಹಾಕಬೇಕು. ಆಮೇಲೆ ನ್ಯಾಯಾಧೀಶರು ಅವನನ್ನು ಗೋಪ್ಯವಾಗಿ ವಿಚಾರಿಸುತ್ತಾರೆ. ಆಗ ಎದುರು ಪಕ್ಷದವರು ಅಲ್ಲಿರಕೂಡದು. ಅವನು ಹೆದರಿ ಬಂದಿದ್ದಾನೆಂದು ತೋರಿದರೆ ಅರ್ಜಿ ಮುಂದುವರಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸವೆಂದರೆ ಮಾತುಕತೆಗೆ ಕುಳಿತುಕೊಳ್ಳುವವರು ಯಾರೆಂಬುದು. ಅಮೆರಿಕದಲ್ಲಿ ಮುಖ್ಯವಾಗಿ ಇಬ್ಬರು ವಕೀಲರು. ನಮ್ಮಲ್ಲಿ ಪೊಲೀಸರು ಹೂಡಿದ ಮೊಕದ್ದಮೆಯಲ್ಲಿ ಸರ್ಕಾರಿ ವಕೀಲರು, ತನಿಖೆ ನಡೆಸಿದ ಅಧಿಕಾರಿ, ಆಪಾದಿತ ಇವರೊಡನೆ ನೊಂದವರೂ ಕುಳಿತುಕೊಳ್ಳುತ್ತಾರೆ. ಅವರಿಗೆ ಸಲ್ಲಬೇಕಾದ ಪರಿಹಾರವೂ ಒಪ್ಪಂದದ ಭಾಗವಾಗುತ್ತದೆ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಆಕ್ಷೇಪಕ್ಕೆ ಇದು ಶಾಸನ ಕೊಟ್ಟ ಉತ್ತರವೆಂದು ಹೇಳಬಹುದು. ಶಿಕ್ಷೆಯ ಇಳಿತವನ್ನೂ ವಕೀಲರ ಬಾಯಿಗೆ ಬಿಟ್ಟಿಲ್ಲ. ಕಾಯಿದೆಯೇ ಅಳತೆ ಕೊಟ್ಟಿದೆ. ಕನಿಷ್ಠ ಶಿಕ್ಷೆ ಗೊತ್ತಾಗಿರುವ ಅಪರಾಧವಾದರೆ ಅದರ ಅರ್ಧ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನಾದರೆ ಕಾಲು ಭಾಗ. ಕನಿಷ್ಠವಿಲ್ಲದ ಅಪರಾಧವಾದರೆ ವಿಧಿಸಬಹುದಾದ ಶಿಕ್ಷೆಯ ಕಾಲು ಭಾಗ. ಮೊದಲ ಬಾರಿಯವನಿಗೆ ಆರನೆಯ ಒಂದು ಭಾಗ. ಮೂರು ವರ್ಷದವರೆಗೆ ಶಿಕ್ಷೆಯುಳ್ಳ ಒಂದು ಸಾಧಾರಣ ಕಳವನ್ನು ತೆಗೆದುಕೊಂಡರೆ ಕಾಲು ಭಾಗವೆಂದರೆ ಒಂಬತ್ತು ತಿಂಗಳು, ಆರನೆಯ ಒಂದು ಭಾಗವೆಂದರೆ ಆರು ತಿಂಗಳು. ತಕ್ಕ ಪ್ರಕರಣಗಳಲ್ಲಿ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುಗಡೆಯೂ ಸಾಧ್ಯ. ಮಾತುಕತೆ ಮುರಿದುಬಿದ್ದರೆ ಮೊಕದ್ದಮೆ ನಿಂತಲ್ಲಿಂದ ಮುಂದುವರಿಯುತ್ತದೆ; ಅರ್ಜಿಯಲ್ಲಿ ಆಪಾದಿತನು ಹೇಳಿದ ಸಂಗತಿಯನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ.

ಇಷ್ಟೆಲ್ಲ ಇದ್ದರೂ ನಮ್ಮಲ್ಲಿ ಈ ದಾರಿ ಹಿಡಿದವರು ಬಹಳ ಕಡಿಮೆ. ಬಾಕಿ ಇರುವ ಮೊಕದ್ದಮೆಗಳಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ಜಾಮೀನು ದೊರೆತವನು ವಿಚಾರಣೆ ಎಷ್ಟು ದಿನ ಎಳೆದರೂ ಚಿಂತೆಯಿಲ್ಲವೆಂದು ಸುಮ್ಮನಿರುತ್ತಾನೆ. ಜಾಮೀನು ದೊರೆಯದವನ ಚಿಂತೆಯೇ ಬೇರೆ. 2022ರ ಸರ್ಕಾರಿ ಲೆಕ್ಕದಂತೆ ನಮ್ಮ ಸೆರೆಮನೆಗಳಲ್ಲಿದ್ದವರ ಪೈಕಿ ಸುಮಾರು ಮುಕ್ಕಾಲು ಪಾಲು ಜನ ಇನ್ನೂ ತೀರ್ಪಾಗದ ವಿಚಾರಣಾಧೀನ ಕೈದಿಗಳು. ಹೊಳೆಯ ಈಚೆಯ ದಡದಲ್ಲಿರುವವರು. ಇವರ ಕಿವಿಯಲ್ಲಿ ಒಪ್ಪಿಕೊಂಡರೆ ಮನೆಗೆ ಹೋಗಬಹುದು ಎಂಬ ಮಾತು ಬಿದ್ದಾಗ ಅದು ಸಲಹೆಯಂತೆ ಕೇಳಿಸೀತೇ, ಆಮಿಷದಂತೆ ಕೇಳಿಸೀತೇ? ಕಾಯಿದೆಯ ಪರೀಕ್ಷೆ ನಡೆಯುವುದು ಇಲ್ಲಿಯೇ.

ಆದುದರಿಂದ ಯಾರಾದರೂ ನಿಮಗೆ ಪರಿಚಯದವರು ಇಂಥ ಸನ್ನಿವೇಶದಲ್ಲಿ ಸಿಕ್ಕಿಕೊಂಡರೆ ಅವರಿಗೆ ನಾಲ್ಕು ಮಾತು ಹೇಳಿ. ಒಂದು, ಒಪ್ಪಿಗೆಯ ಕಾಗದದಲ್ಲಿ ಏನಿದೆಯೆಂಬುದನ್ನು ತಮಗೆ ಬರುವ ಭಾಷೆಯಲ್ಲಿ ಓದಿಸಿ ಕೇಳದೆ ರುಜು ಹಾಕಬಾರದು. ಎರಡು, ಇದು ರಾಜಿಯಲ್ಲ. ರಾಜಿಯಾದ ಮೊಕದ್ದಮೆಯಲ್ಲಿ ಆಪಾದಿತನು ಬಿಡುಗಡೆಯಾದಂತೆ. ಇಲ್ಲಿಯಾದರೋ ಅವನು ಅಪರಾಧಿಯೆಂದೇ ತೀರ್ಮಾನವಾಗುತ್ತದೆ. ನೌಕರಿಯ ಅರ್ಜಿಯಲ್ಲಿ ಆ ಪ್ರಶ್ನೆ ಬಂದಾಗ ಹೌದೆಂದೇ ಬರೆಯಬೇಕಾಗುತ್ತದೆ. ಮೂರು, ಈ ತೀರ್ಪಿನ ಮೇಲೆ ಮಾಮೂಲಿನ ಅಪೀಲು ಇಲ್ಲ. ಸಂವಿಧಾನದ ಅನುಸಾರ ಉಚ್ಚ ನ್ಯಾಯಾಲಯ, ಸುಪ್ರೀಂ ಕೋರ್ಟುಗಳಿಗೆ ಹೋಗುವ ವಿಶೇಷ ದಾರಿಗಳು ಮಾತ್ರ ಉಳಿಯುತ್ತವೆ. ನಾಲ್ಕು, ವಕೀಲರಿಗೆ ಹಣವಿಲ್ಲದವರಿಗೆ 1987ರ ಕಾಯಿದೆಯಂತೆ ಏರ್ಪಟ್ಟಿರುವ ಕಾನೂನು ಸೇವಾ ಪ್ರಾಧಿಕಾರಗಳು ಪುಕ್ಕಟೆಯಾಗಿ ವಕೀಲರನ್ನು ಕೊಡುತ್ತವೆ. ತಾಲ್ಲೂಕಿನ ನ್ಯಾಯಾಲಯದಲ್ಲಿಯೇ ವಿಚಾರಿಸಬಹುದು. ಮಕ್ಕಳು ಅಮೆರಿಕದಲ್ಲಿ ನೆಲಸಿರುವ ಮನೆಗಳವರು ಇನ್ನೊಂದನ್ನು ನೆನಪಿಡಬೇಕು. ಅಲ್ಲಿಯ ಪ್ರಜೆಯಲ್ಲದವನು ಚಿಕ್ಕದೆಂದು ತಿಳಿದು ಒಪ್ಪಿಕೊಂಡ ಅಪರಾಧವು ಅವನನ್ನು ದೇಶದಿಂದಲೇ ಹೊರಗೆ ಹಾಕಿಸಬಹುದು. ಆ ಅಪಾಯವನ್ನು ಮೊದಲೇ ತಿಳಿಸುವುದು ವಕೀಲರ ಕರ್ತವ್ಯವೆಂದು ಅಲ್ಲಿಯ ಸುಪ್ರೀಂ ಕೋರ್ಟು 2010ರಲ್ಲಿ ತೀರ್ಮಾನಿಸಿದೆ. ಎಂದಮೇಲೆ ಆ ಪ್ರಶ್ನೆಯನ್ನು ಕೇಳಿ ತಿಳಿಯುವುದು ನಮ್ಮವರ ಕರ್ತವ್ಯ.

ಕನ್ನಡದಲ್ಲಿ ಒಪ್ಪು ಎಂಬ ಶಬ್ದಕ್ಕೆ ಸಮ್ಮತಿಸು ಎಂಬ ಅರ್ಥವಿರುವಂತೆ ಸೊಬಗು, ಯೋಗ್ಯತೆ ಎಂಬ ಅರ್ಥವೂ ಉಂಟು. ಮನಸ್ಸು ಒಪ್ಪಿ ಹೇಳಿದ ತಪ್ಪೊಪ್ಪಿಗೆಗೆ ನಿಜವಾಗಿಯೂ ಒಂದು ಸೊಬಗಿದೆ. ಅದು ಮನುಷ್ಯನನ್ನು ಎತ್ತುತ್ತದೆ. ಹೆದರಿಕೆಯಿಂದ ಕೊಂಡ ತಪ್ಪೊಪ್ಪಿಗೆಯಲ್ಲಿ ಉಳಿಯುವುದು ತಪ್ಪು ಮಾತ್ರ, ಅದೂ ಯಾರದೆಂದು ತಿಳಿಯದ ತಪ್ಪು. ಶಿಕ್ಷೆಯಲ್ಲಿ ಅರ್ಧವುಂಟು, ಕಾಲುಂಟು, ಆರನೆಯ ಒಂದು ಭಾಗವೂ ಉಂಟು. ಅಪರಾಧಿಯೆಂಬ ಹೆಸರಿನಲ್ಲಿ ಅರ್ಧವೆಂಬುದಿಲ್ಲ. ಅದು ಬಂದರೆ ಪೂರ್ತಿಯಾಗಿಯೇ ಬರುತ್ತದೆ. ದೋಣಿಗೆ ಕಾಲಿಡುವ ಮೊದಲು ಈ ಲೆಕ್ಕವನ್ನು ಆಪಾದಿತನಿಗೆ ತಿಳಿಯಹೇಳುವವರು ಒಬ್ಬರಾದರೂ ಅವನ ಪಕ್ಕದಲ್ಲಿರಬೇಕು.